ಕೋಠಿಯ ದೊಡ್ಡಮನೆ

ಹೈದರಾಬಾದಿನಲ್ಲಿ ನಾಲ್ಕು ದಿನ ಇದ್ದು ಹೋದವರಿಗೂ ಕೋಠಿ ಗೊತ್ತಿರುತ್ತದೆ. ಸಿಟಿ ಬಸ್ಸುಗಳ ಹಣೆಯ ಮೇಲೆ ಚಾರ್‌ಮಿನಾರಿಗಿಂತ ಹೆಚ್ಚಾಗಿ ಕಾಣುವ ಹೆಸರು ಅದು. ಹಳೆಯ ಪುಸ್ತಕ ಬೇಕೆ, ಕೋಠಿಗೆ ಹೋಗಿ. ಸೀರೆ, ಬಳೆ, ರವಿಕೆ ಬಟ್ಟೆ ಬೇಕೆ, ಕೋಠಿಗೆ ಅಂಟಿಕೊಂಡೇ ಸುಲ್ತಾನ್ ಬಜಾರಿದೆ. ಬ್ಯಾಂಕಿನ ಕೆಲಸಕ್ಕೆ ಬ್ಯಾಂಕ್ ಸ್ಟ್ರೀಟ್, ಕಾಯಿಲೆಗೆ ಉಸ್ಮಾನಿಯಾ ಮೆಡಿಕಲ್ ಕಾಲೇಜು, ಎಲ್ಲ ಅಲ್ಲೇ. ನಮ್ಮ ಕಡೆಯಿಂದ ರೈಲಿನಲ್ಲಿ ಕಾಚಿಗುಡಾಕ್ಕೆ ಬಂದಿಳಿದರೂ, ಬಸ್ಸಿನಲ್ಲಿ ಮೂಸಿ ನದಿಯ ದಡದ ಬಸ್‌ಸ್ಟ್ಯಾಂಡಿಗೆ ಬಂದಿಳಿದರೂ ಕೋಠಿ ಕೂಗಳತೆಯ ದೂರ. ಕಾಚಿಗುಡಾದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆ. ಹಾಗಾಗಿ ಇಲ್ಲಿಯ ಕನ್ನಡದವರಿಗೆ ಕೋಠಿ ಅಂದರೆ ಪಕ್ಕದ ಓಣಿ ಇದ್ದಂತೆ.

ಆದರೆ ಕೋಠಿ ಅಂದರೆ ಏನು ಅಂತ ಕೇಳಿದರೆ ಮಾತ್ರ ಹತ್ತರಲ್ಲಿ ಒಂಬತ್ತು ಜನ ‘ಅದೇ, ಬಸ್‌ಸ್ಟಾಪು’ ಅಂತಾರೆ. ಕೋಠಿ ಅಂದರೆ ದೊಡ್ಡ ಬಂಗಲೆ, ಸಾಹುಕಾರರ ವ್ಯವಹಾರದ ಮನೆ. ಕಲಬುರ್ಗಿ, ರಾಯಚೂರು ಕಡೆಯವರಿಗೆ ಈ ಮಾತು ಹೊಸದೇನಲ್ಲ. ಹಾಗಾದರೆ ಇಡೀ ಬಡಾವಣೆಗೆ ಹೆಸರು ಕೊಟ್ಟ ಆ ಮನೆ ಯಾವುದು? ಬಸ್‌ಸ್ಟ್ಯಾಂಡಿನ ಗದ್ದಲದ ಆಚೆ, ಎತ್ತರದ ಗೋಡೆಯ ಹಿಂದೆ, ಮರಗಳ ನಡುವೆ ಅದು ಈಗಲೂ ನಿಂತಿದೆ. ಊರಿನವರು ಅದನ್ನು ವುಮೆನ್ಸ್ ಕಾಲೇಜು ಅನ್ನುತ್ತಾರೆ. ಇತಿಹಾಸದ ಪುಸ್ತಕಗಳಲ್ಲಿ ಅದು ಬ್ರಿಟಿಷ್ ರೆಸಿಡೆನ್ಸಿ.

ಈಗ ಊರ ನಡುಮಧ್ಯ ಇರುವ ಈ ಜಾಗ ಇನ್ನೂರು ವರ್ಷದ ಹಿಂದೆ ಊರ ಹೊರಗಿನ ತೋಟ. ಆಗಿನ ಹೈದರಾಬಾದ್ ಅಂದರೆ ಮೂಸಿಯ ದಕ್ಷಿಣಕ್ಕೆ, ಕೋಟೆಗೋಡೆಯ ಒಳಗೆ, ಚಾರ್‌ಮಿನಾರಿನ ಸುತ್ತ ಇದ್ದ ಊರು. ನದಿ ದಾಟಿ ಉತ್ತರಕ್ಕೆ ಬಂದರೆ ಹೂದೋಟ, ಹಣ್ಣಿನ ತೋಟ. ಈಸ್ಟ್ ಇಂಡಿಯಾ ಕಂಪೆನಿಯ ಪ್ರತಿನಿಧಿಗೆ, ಅಂದರೆ ರೆಸಿಡೆಂಟನಿಗೆ, ನಿಜಾಮರು ಅಲ್ಲೊಂದು ತೋಟ ಬಿಟ್ಟುಕೊಟ್ಟಿದ್ದರು. ಮೊದಮೊದಲು ರೆಸಿಡೆಂಟರು ಆ ತೋಟದ ಹಳೆಯ ಕಟ್ಟಡಗಳಲ್ಲೇ ಕಾಲ ಹಾಕಿದರು. ದೊಡ್ಡಮನೆ ಎದ್ದದ್ದು ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಎಂಬಾತನ ಕಾಲದಲ್ಲಿ.

ಈ ಕರ್ಕ್‌ಪ್ಯಾಟ್ರಿಕ್ 1764ರಲ್ಲಿ ಮದರಾಸಿನಲ್ಲಿ ಹುಟ್ಟಿದವನು. ಅಣ್ಣ ವಿಲಿಯಂ ಅವನಿಗಿಂತ ಮೊದಲು ಇಲ್ಲಿ ರೆಸಿಡೆಂಟ್ ಆಗಿದ್ದ. ಅಣ್ಣನ ತರುವಾಯ ತಮ್ಮ ಬಂದ. ಬಂದವನು ಫಾರಸಿ, ಹಿಂದೂಸ್ತಾನಿ ಚೆನ್ನಾಗಿ ಬಲ್ಲವನು. ಮನೆಯಲ್ಲಿ ಹೈದರಾಬಾದಿನ ಅಮೀರರಂತೆ ಅಂಗರಖಾ ತೊಟ್ಟು ಹುಕ್ಕಾ ಸೇದುತ್ತಿದ್ದ. ನಿಜಾಮ್ ಅಲಿ ಖಾನರು ಅವನಿಗೆ ಹಷ್ಮತ್ ಜಂಗ್ ಎಂಬ ಬಿರುದು ಕೊಟ್ಟಿದ್ದರು.

ಮನೆಗೆ ಜಾಗ ಸಿಕ್ಕಿದ ಬಗ್ಗೆ ಒಂದು ಕತೆಯಿದೆ. ಕರ್ಕ್‌ಪ್ಯಾಟ್ರಿಕ್ ಜಾಗದ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಬರೆಸಿ ನಿಜಾಮರ ಮುಂದೆ ಹರಡಿದನಂತೆ. ನಿಜಾಮರು ಖಡಾಖಂಡಿತವಾಗಿ ಆಗೋದಿಲ್ಲ ಅಂದುಬಿಟ್ಟರು. ಅವನು ಪೆಚ್ಚಾಗಿ ಮಂತ್ರಿಯ ಹತ್ತಿರ ಹೋದಾಗ ಮಂತ್ರಿ ನಕ್ಕು, ‘ಸಾಹೇಬರೇ, ರಾಜ್ಯದ ನಕಾಶೆಯೇ ಅಷ್ಟು ದೊಡ್ಡ ಹಾಳೆಯಲ್ಲಿ ಇರೋದಿಲ್ಲ, ಅರ್ಧ ರಾಜ್ಯವನ್ನೇ ಕೇಳುತ್ತಿದ್ದೀರಿ ಅಂತ ಅವರು ತಿಳಿದರು. ಚಿಕ್ಕ ಚೀಟಿಯ ಮೇಲೆ ಬರೆಸಿ ತನ್ನಿ’ ಎಂದನಂತೆ. ಚೀಟಿ ನೋಡಿದ ಕೂಡಲೇ ನಿಜಾಮರು ಒಪ್ಪಿದರು. ಕತೆ ಕೇಳಿ ನಾವೂ ನಗುತ್ತೇವೆ. ಆದರೆ ನಿಜಾಮರ ಅಂಜಿಕೆ ಸುಳ್ಳಾಗಿರಲಿಲ್ಲ. ಅರ್ಧ ರಾಜ್ಯವಲ್ಲದಿದ್ದರೂ ಅದರ ದೊಡ್ಡದೊಂದು ಪಾಲು ಅಷ್ಟರಲ್ಲಾಗಲೇ ಇದೇ ರೆಸಿಡೆಂಟನ ಕೈಯಿಂದ ಕಂಪೆನಿಗೆ ಹೋಗಿತ್ತು. ಹೋದದ್ದರಲ್ಲಿ ನಮ್ಮ ಬಳ್ಳಾರಿಯೂ ಒಂದು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1798ರ ಸೆಪ್ಟೆಂಬರಿನಲ್ಲಿ ಕರ್ಕ್‌ಪ್ಯಾಟ್ರಿಕ್ ನಿಜಾಮರೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಮುಂದಿನ ತಿಂಗಳು ನಿಜಾಮರ ಚಾಕರಿಯಲ್ಲಿದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು, ಸುಮಾರು 14,000 ಸಿಪಾಯಿಗಳನ್ನು, ಗುಂಡು ಹಾರಿಸದೆ ನಿಶ್ಶಸ್ತ್ರಗೊಳಿಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಆ ಯುದ್ಧದಲ್ಲಿ ನಿಜಾಮರ ದಂಡು ಇಂಗ್ಲಿಷರ ಜೊತೆಗಿತ್ತು, ಹಾಗಾಗಿ ಗೆದ್ದ ನೆಲದಲ್ಲಿ ಅವರಿಗೂ ಪಾಲು ಸಿಕ್ಕಿತು. ಸಿಕ್ಕಿದ್ದು ಒಂದೇ ವರ್ಷ ಉಳಿಯಿತು. 1800ರ ಅಕ್ಟೋಬರಿನಲ್ಲಿ ಇನ್ನೊಂದು ಒಪ್ಪಂದವಾಗಿ, ತಮ್ಮ ರಾಜ್ಯವನ್ನು ಕಾಯುವ ಕಂಪೆನಿ ಸೈನ್ಯದ ಖರ್ಚಿಗೆಂದು 1792ರಲ್ಲೂ 1799ರಲ್ಲೂ ಮೈಸೂರಿನಿಂದ ಬಂದಿದ್ದ ಸೀಮೆಯನ್ನೆಲ್ಲ ನಿಜಾಮರು ಕಂಪೆನಿಗೇ ಬರೆದುಕೊಟ್ಟರು. ಕೃಷ್ಣಾ, ತುಂಗಭದ್ರಾ ನದಿಗಳೇ ಇನ್ನು ಮುಂದೆ ಗಡಿ ಎಂದು ಅದರಲ್ಲಿ ಬರೆಯಲಾಯಿತು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ದತ್ತ ಮಂಡಲ ಎಂಬ ಹೆಸರಿನಲ್ಲಿ ಮದರಾಸಿಗೆ ಸೇರಿ, ಥಾಮಸ್ ಮನ್ರೊ ಕಲೆಕ್ಟರಾಗಿ ಬಂದ.

ನಕಾಶೆಯ ಮೇಲೆ ಎಳೆದ ಆ ಗೆರೆ ಎಂಥದು ಅಂತ ತಿಳಿಯಬೇಕಾದರೆ ಹಂಪಿಗೆ ಹೋಗಿ ಹೊಳೆದಂಡೆಯಲ್ಲಿ ನಿಲ್ಲಬೇಕು. ಈಚೆ ಹಂಪಿ, ಆಚೆ ಆನೆಗೊಂದಿ. ಒಂದೇ ರಾಜಧಾನಿಯ ಎರಡು ದಡ. ಹರಿಗೋಲು ಹಾಕಿದರೆ ಹತ್ತು ನಿಮಿಷದ ದಾರಿ. 1800ರಿಂದ ಆಚೆಗೆ ಹಂಪಿಯವರು ಮದರಾಸಿಗೆ ಕಂದಾಯ ಕಟ್ಟಿದರು, ಆನೆಗೊಂದಿಯವರು ಹೈದರಾಬಾದಿನವರಾದರು. ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಹಾಕಿದಾಗ ಒಂದು ದಡದಲ್ಲಿ ಮದರಾಸಿನ ಗವರ್ನರು, ಇನ್ನೊಂದು ದಡದಲ್ಲಿ ಹೈದರಾಬಾದಿನ ಯುವರಾಜ ಕಲ್ಲು ಇಡಬೇಕಾಯಿತು. ಎರಡು ಸರ್ಕಾರ, ಎರಡು ಕಡೆ ಕಾಮಗಾರಿ. ಬಳ್ಳಾರಿ ಮೈಸೂರಿಗೆ ಬಂದು ಸೇರಿದ್ದು 1953ರ ಅಕ್ಟೋಬರಿನಲ್ಲಿ. ಆದವಾನಿ, ಆಲೂರು, ರಾಯದುರ್ಗ ಬರಲಿಲ್ಲ. ಮೂಸಿಯ ದಡದ ಒಂದು ತೋಟದಲ್ಲಿ ನಡೆದ ವ್ಯವಹಾರಕ್ಕೆ ನಮ್ಮ ಜನ ಒಂದೂವರೆ ಶತಮಾನ ಜಮಾಖರ್ಚು ಬರೆದರು.

ಇನ್ನು ಮನೆಯ ವಿಷಯ. 1803ರ ಹೊತ್ತಿಗೆ ಕೆಲಸ ಶುರುವಾಯಿತು. ನಕ್ಷೆ ಮದರಾಸ್ ಇಂಜಿನಿಯರ್ಸ್ ಪಡೆಯ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ರಸೆಲ್‌ನದು. ಖರ್ಚು ನಿಜಾಮರ ಬೊಕ್ಕಸದ್ದು. ಕಟ್ಟಡದ ಮುಖ ಉತ್ತರಕ್ಕೆ, ಬೆನ್ನು ನದಿಗೆ. ಮುಂದೆ ಅಗಲವಾದ ಮೆಟ್ಟಿಲುಗಳ ಸಾಲು, ಆಚೀಚೆ ಎರಡು ಸಿಂಹಗಳು. ಮೆಟ್ಟಿಲು ಹತ್ತಿದರೆ ಎರಡು ಅಂತಸ್ತಿನ ಎತ್ತರಕ್ಕೆ ಎದ್ದ ಆರು ಕಂಬಗಳ ಮುಖಮಂಟಪ, ಅದರ ತ್ರಿಕೋನದ ನೆತ್ತಿಯಲ್ಲಿ ಕಂಪೆನಿಯ ಲಾಂಛನ. ಒಳಗೆ ದರ್ಬಾರ್ ಹಾಲು, ಚಿತ್ರ ಬರೆದ ಛಾವಣಿ, ತೂಗುದೀಪಗಳು. ಅದರಾಚೆ ಎರಡು ಕವಲಾಗಿ ಮೇಲೇರುವ ಮಹಡಿ ಮೆಟ್ಟಿಲು. ಕಲ್ಕತ್ತೆಯ ಗವರ್ನರ್ ಜನರಲ್ಲನ ಅರಮನೆ ಎದ್ದದ್ದೂ ಇದೇ ಸುಮಾರಿಗೆ. ರಾಜನಲ್ಲದವನು ರಾಜನ ಊರಲ್ಲಿ ರಾಜನಿಗಿಂತ ಮಿಗಿಲಾದ ಮನೆ ಕಟ್ಟಿಕೊಂಡರೆ ಅದರ ಅರ್ಥ ಊರಿನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಯ ಹಿಂಬದಿಯ ತೋಟದಲ್ಲಿ ಇನ್ನೊಂದು ಮನೆಯಿತ್ತು, ರಂಗಮಹಲ್. ಅದು ಮೊಘಲ್ ಶೈಲಿಯ ಜನಾನಾ. ಕರ್ಕ್‌ಪ್ಯಾಟ್ರಿಕ್ ಹೈದರಾಬಾದಿನ ದೊಡ್ಡ ಮನೆತನದ ಹುಡುಗಿ ಖೈರುನ್ನೀಸಾಳನ್ನು ಮದುವೆಯಾಗಿದ್ದ. ಆಕೆ ಗೋಷಾದಲ್ಲಿರುವವಳು. ಗಂಡ ಕಟ್ಟಿಸಿದ ದೊಡ್ಡಮನೆಯ ಮುಂಭಾಗವನ್ನು ಆಕೆ ಹೊರಗೆ ಬಂದು ನೋಡುವ ಹಾಗಿರಲಿಲ್ಲ. ಅದಕ್ಕೇ ಆ ಮನೆಯ ಪಡಿಯಚ್ಚನ್ನು ಆಳೆತ್ತರಕ್ಕೆ ಮಾಡಿಸಿ ಜನಾನಾದ ತೋಟದಲ್ಲಿ ಇಡಿಸಿದ ಎಂದು ಹೇಳುತ್ತಾರೆ. ಈ ಮಾತು ಎಷ್ಟು ನಿಜವೋ, ಪಡಿಯಚ್ಚು ಮಾತ್ರ ಆವರಣದಲ್ಲಿದೆ.

ಇವರಿಗೆ ಇಬ್ಬರು ಮಕ್ಕಳು, ಸಾಹಿಬ್ ಆಲಂ ಮತ್ತು ಸಾಹಿಬ್ ಬೇಗಂ. 1805ರಲ್ಲಿ, ಮಗನಿಗೆ ಐದಾರು ವರ್ಷವೂ ತುಂಬದಿದ್ದಾಗ, ಇಬ್ಬರನ್ನೂ ಓದಿಗೆಂದು ಇಂಗ್ಲೆಂಡಿಗೆ ಹಡಗು ಹತ್ತಿಸಿದರು. ಹೊರಡುವ ಮುಂಚೆ ಮದರಾಸಿನಲ್ಲಿ ಜಾರ್ಜ್ ಚಿನ್ನರಿ ಎಂಬ ಕಲಾವಿದ ಅವರ ಚಿತ್ರ ಬರೆದ; ಹೈದರಾಬಾದಿ ಪೋಷಾಕಿನಲ್ಲಿ ನಿಂತ ಎರಡು ಎಳೆಯ ಮಕ್ಕಳು. ಅದೇ ವರ್ಷ ಅಕ್ಟೋಬರಿನಲ್ಲಿ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡ. ದೊಡ್ಡಮನೆಯ ಸುಖ ಅವನಿಗೆ ಹೆಚ್ಚು ದಿನ ದಕ್ಕಲಿಲ್ಲ. ಖೈರುನ್ನೀಸಾ 1813ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಹೋದಳು. ಮಕ್ಕಳ ಮುಖವನ್ನು ಆಕೆ ಮತ್ತೆ ಕಾಣಲಿಲ್ಲ.

ಮಕ್ಕಳು ಅಲ್ಲಿ ವಿಲಿಯಂ ಮತ್ತು ಕ್ಯಾಥರೀನ್ ಆದರು. ಕಿಟ್ಟಿ ಅಂತ ಕರೆಸಿಕೊಂಡ ಆ ಹುಡುಗಿಯನ್ನು ಮುಂದೆ ದೊಡ್ಡ ಲೇಖಕನಾದ ಥಾಮಸ್ ಕಾರ್ಲೈಲ್ ಮೆಚ್ಚಿಕೊಂಡಿದ್ದ. ನಡುವಯಸ್ಸಿನಲ್ಲಿ ಆಕೆಗೆ ತನ್ನ ಬಾಲ್ಯದ ಆ ಚಿತ್ರ, ಹೈದರಾಬಾದಿನಲ್ಲಿ ರೆಸಿಡೆಂಟ್ ಆಗಿ ಹಿಂತಿರುಗಿದ್ದ ಹೆನ್ರಿ ರಸೆಲ್‌ನ ಮನೆಯಲ್ಲಿ ಕಣ್ಣಿಗೆ ಬಿತ್ತು. ಆಮೇಲೆ 1841ರ ಸುಮಾರಿಗೆ ಹೈದರಾಬಾದಿನಲ್ಲಿ ಬದುಕಿದ್ದ ಅಜ್ಜಿ ಶರಫುನ್ನೀಸಾಳಿಗೆ ಕಾಗದ ಬರೆಯಲು ಶುರುಮಾಡಿದಳು. ಮೊಮ್ಮಗಳು ಇಂಗ್ಲಿಷಿನಲ್ಲಿ, ಅಜ್ಜಿ ಫಾರಸಿಯಲ್ಲಿ. ಓದಿ ಹೇಳಲು ನಡುವೆ ಬೇರೆಯವರು ಬೇಕು. ಮಕ್ಕಳ ಮಕ್ಕಳು ಪರದೇಶದಲ್ಲಿರುವ ಅಜ್ಜಿಯಂದಿರು ಈಗ ನಮ್ಮ ಊರೂರಲ್ಲೂ ಇದ್ದಾರೆ. ಅಂಥ ಮನೆಯವರಿಗೆ ಈ ಕಾಗದಗಳ ಸಂಗತಿ ಹೇಳಿದರೆ ಸುಮ್ಮನಾಗಿಬಿಡುತ್ತಾರೆ. ಕಿಟ್ಟಿ 1889ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡಳು. ಹೈದರಾಬಾದಿಗೆ ಮರಳಲಿಲ್ಲ. ವಿಲಿಯಂ ಡಾಲ್ರಿಂಪಲ್ 2002ರಲ್ಲಿ ‘ವೈಟ್ ಮೊಘಲ್ಸ್’ ಬರೆದ ಮೇಲೆ ಈ ಪ್ರೇಮಕತೆ ಜಗತ್ತಿಗೆಲ್ಲ ತಿಳಿಯಿತು. ಈಗ ರೆಸಿಡೆನ್ಸಿ ನೋಡಲು ಬರುವವರಲ್ಲಿ ಹೆಚ್ಚಿನವರು ಈ ಕತೆಯ ಬೆನ್ನು ಹತ್ತಿ ಬಂದವರೇ.

ಆದರೆ ಮನೆಯ ಆಯುಷ್ಯದಲ್ಲಿ ಪ್ರೇಮದ ಭಾಗ ಐದಾರು ವರ್ಷದ್ದು, ಲೇವಾದೇವಿಯದು ಬಹಳ ದೀರ್ಘ. ರೆಸಿಡೆಂಟನ ನೆರಳು ಹಿಡಿದು ಸಾಹುಕಾರರು, ಸರಾಫರು ಅದರ ಸುತ್ತ ಅಂಗಡಿ ಹಾಕಿದರು. ಆ ಪೇಟೆಗೆ ರೆಸಿಡೆನ್ಸಿ ಬಜಾರ್ ಎಂದೇ ಹೆಸರಾಯಿತು, ಅಲ್ಲಿ ನಿಜಾಮರ ಕಾನೂನಲ್ಲ, ರೆಸಿಡೆಂಟನ ಆಡಳಿತ. ವಿಲಿಯಂ ಪಾಮರ್ ಎಂಬವನ ಸಾಲದ ಅಂಗಡಿ ಇಲ್ಲಿ ನಿಜಾಮರಿಗೇ ಭಾರೀ ಬಡ್ಡಿಗೆ ಸಾಲ ಕೊಟ್ಟಿತ್ತು. 1820ರಲ್ಲಿ ರೆಸಿಡೆಂಟ್ ಆಗಿ ಬಂದ ಚಾರ್ಲ್ಸ್ ಮೆಟ್ಕಾಫ್ ಅದರ ಲೆಕ್ಕ ಕೆದಕಿದ, ಕೆಲವೇ ವರ್ಷದಲ್ಲಿ ಅಂಗಡಿ ಮುಳುಗಿತು. ಈ ಪಾಮರನ ಮಗಳನ್ನೇ ಫಿಲಿಪ್ ಮೆಡೋಸ್ ಟೇಲರ್ ಮದುವೆಯಾದದ್ದು. ಟೇಲರ್ ಅಂದರೆ ಸುರಪುರದವರಿಗೆ ಪರಿಚಯ ಬೇಕಿಲ್ಲ.

ಸಾಲ ಮುಗಿಯುವ ಜಾತಿಯದಲ್ಲ. ನಿಜಾಮರ ಹಣದಲ್ಲಿ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಇದ್ದ ದಂಡಿಗೆ ಸಂಬಳ ಬಾಕಿ ಬಿತ್ತು ಎಂದು 1853ರ ಮೇ ತಿಂಗಳಲ್ಲಿ ರೆಸಿಡೆಂಟ್ ಕರ್ನಲ್ ಲೋ ಮತ್ತೊಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಬೀರಾರ, ಧಾರಾಶಿವ, ಜೊತೆಗೆ ನಮ್ಮ ರಾಯಚೂರು ದೋಆಬ್, ಅಂದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಸೀಮೆ, ಇಂಗ್ಲಿಷರ ವಶಕ್ಕೆ ಹೋದವು. ಒಂದು ತೋಟದ ಮನೆ ಈಗ ಅಡವಿನ ಅಂಗಡಿಯಾಗಿತ್ತು, ಅಡವಿಟ್ಟದ್ದು ಊರುಗಳನ್ನು.

1857ರಲ್ಲಿ ಮನೆಯ ರೂಪ ಮತ್ತೆ ಬದಲಾಯಿತು. ಬಂಡೆದ್ದು ಬಂದ ಜಮಾದಾರನೊಬ್ಬನನ್ನು ಹಿಡಿದು ರೆಸಿಡೆನ್ಸಿಯಲ್ಲಿ ಕೂಡಿಹಾಕಿದ್ದರು. ಜುಲೈ 17, ಶುಕ್ರವಾರ ನಮಾಜಿನ ನಂತರ ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ನೂರಾರು ರೋಹಿಲಾಗಳೊಡನೆ ಬಂದು ಮನೆಯ ಮೇಲೆ ಬಿದ್ದರು. ಎದುರಿನ ಸಾಹುಕಾರರ ಮನೆಗಳನ್ನು ಹೊಕ್ಕು ರಾತ್ರಿಯಿಡೀ ಗುಂಡು ಹಾರಿಸಿದರು. ಆದರೆ ದಿವಾನ್ ಸಾಲಾರ್ ಜಂಗ್ ಮೊದಲೇ ರೆಸಿಡೆಂಟ್ ಡೇವಿಡ್‌ಸನ್‌ನಿಗೆ ಸುದ್ದಿ ಮುಟ್ಟಿಸಿದ್ದರು. ತೋಪುಗಳ ಮುಂದೆ ನಿಲ್ಲಲಾರದೆ ಬೆಳಗಾಗುವುದರೊಳಗೆ ಅವರು ಚದುರಿದರು. ತುರ್ರೆಬಾಜ್ ಖಾನ್ ಸಿಕ್ಕಿಬಿದ್ದು, ತಪ್ಪಿಸಿಕೊಂಡು, 1859ರ ಜನವರಿಯಲ್ಲಿ ಗುಂಡಿಗೆ ಬಲಿಯಾದ. ಹೆಣವನ್ನು ಜನ ನೋಡುವಂತೆ ತೂಗುಹಾಕಿದರು. ಮೌಲ್ವಿ ಅಂಡಮಾನಿಗೆ ಹೋದ. ದಾಳಿಯ ಬಳಿಕ ರೆಸಿಡೆನ್ಸಿಯ ಸುತ್ತ ಗೋಡೆ ಗಟ್ಟಿಯಾಯಿತು, ತೋಟದ ಮನೆ ಕೋಟೆಯಾಯಿತು. ಮನಸ್ಸುಗಳ ನಡುವೆಯೂ ಗೋಡೆ ಎದ್ದಿತು. 1860ರ ಹೊತ್ತಿಗೆ ರಂಗಮಹಲನ್ನು ಕೆಡವಿಹಾಕಿದರು. ದೇಶೀ ಹೆಂಗಸಿನ ಜನಾನಾ ಆ ಆವರಣದಲ್ಲಿ ಇತ್ತೆಂಬುದೇ ಹೊಸ ಕಾಲದ ಸಾಹೇಬರಿಗೆ ನಾಚಿಕೆಯ ವಿಷಯವಾಗಿತ್ತು.

ಅದೇ ಡೇವಿಡ್‌ಸನ್‌ನ ಕೈಯಲ್ಲಿ ಮರುವರ್ಷ ಸುರಪುರದ ಹಣೆಬರಹವೂ ಇತ್ತು. ತರುಣ ರಾಜ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಮೇಲೆ ಎದ್ದು, ಸೋತು, ಹೈದರಾಬಾದಿಗೆ ಬಂದ. ಇಲ್ಲಿ ಸೆರೆ ಸಿಕ್ಕು ಸಿಕಂದರಾಬಾದಿನಲ್ಲಿ ಬಂದಿಯಾದ. ಚಿಕ್ಕಂದಿನಲ್ಲಿ ಅವನನ್ನು ಸಾಕಿ ಬೆಳೆಸಿದ್ದ ಟೇಲರನನ್ನು ಅವನು ಅಪ್ಪಾ ಅಂತಲೇ ಕರೆಯುತ್ತಿದ್ದ. ಮರಣದಂಡನೆ ತಪ್ಪಿತು, ಶಿಕ್ಷೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಆದರೆ ಮದರಾಸ್ ಸೀಮೆಯ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ತಗಲಿ ಸತ್ತ. 1860ರಲ್ಲಿ ಇಂಗ್ಲಿಷರು ರಾಯಚೂರು ದೋಆಬನ್ನು ನಿಜಾಮರಿಗೆ ಹಿಂದಿರುಗಿಸಿದರು, ಸುರಪುರವನ್ನೂ ಜೊತೆಗೆ ಕೊಟ್ಟರು. 1857ರಲ್ಲಿ ನಿಷ್ಠೆ ತೋರಿದ್ದಕ್ಕೆ ಇನಾಮು. ರಾಯಚೂರಿನವರು ಏಳು ವರ್ಷ ಕಂಪೆನಿಯವರಾಗಿದ್ದು, ಮತ್ತೆ ಹೈದರಾಬಾದಿನವರಾದರು. ಯಾರೂ ಅವರನ್ನು ಕೇಳಿರಲಿಲ್ಲ.

ರೆಸಿಡೆನ್ಸಿ ಬಜಾರುಗಳು 1933ರಲ್ಲಿ ನಿಜಾಮರಿಗೆ ಮರಳಿ ಸುಲ್ತಾನ್ ಬಜಾರ್ ಎಂಬ ಹೆಸರು ಬಂತು. 1947ರಲ್ಲಿ ಇಂಗ್ಲಿಷರು ಹೋದರು, ಮನೆ ಖಾಲಿಯಾಯಿತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತಕ್ಕೆ ಸೇರಿತು. ಮರುವರ್ಷ, 1949ರಲ್ಲಿ, ಈ ಮನೆಗೆ ಹೊಸ ಒಡತಿಯರು ಬಂದರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು 1924ರಲ್ಲಿ ಬೆರಳೆಣಿಕೆಯ ಹುಡುಗಿಯರೊಂದಿಗೆ ಆರಂಭವಾಗಿ, ಬಾಡಿಗೆದಾರರಂತೆ ಮನೆ ಬದಲಿಸುತ್ತಾ ಬಂದಿತ್ತು. ಅದಕ್ಕೆ ಕೊನೆಗೆ ನೆಲೆ ಸಿಕ್ಕಿದ್ದು ಇಲ್ಲಿ. ಒಬ್ಬ ಹೆಣ್ಣುಮಗಳು ಮುಂಬಾಗಿಲಿಗೆ ಬರಲಾಗದೆ ಪಡಿಯಚ್ಚು ನೋಡಿ ಸಮಾಧಾನಪಟ್ಟಳೆಂದು ಹೇಳುವ ಮನೆಯ ಮೆಟ್ಟಿಲನ್ನು ಸಾವಿರಾರು ಹುಡುಗಿಯರು ಪುಸ್ತಕ ಎದೆಗವಚಿಕೊಂಡು ಹತ್ತಿ ಇಳಿದರು. ಆ ಕಾಲಕ್ಕೆ ಬೀದರ, ಕಲಬುರ್ಗಿ, ರಾಯಚೂರಿನವರಿಗೂ ದೊಡ್ಡ ಓದು ಅಂದರೆ ಹೈದರಾಬಾದೇ. ಕಲಬುರ್ಗಿಯಲ್ಲಿ ವಿಶ್ವವಿದ್ಯಾಲಯ ಆದದ್ದು 1980ರಲ್ಲಿ.

ಕಾಲೇಜು ಮನೆಯನ್ನು ಉಳಿಸಿತು, ಮನೆ ಕಾಲೇಜನ್ನು ಕಂಗೆಡಿಸಿತು. ಇಷ್ಟು ದೊಡ್ಡ ಗಾರೆ ಕಟ್ಟಡವನ್ನು ಕಾಲೇಜಿನ ಬಜೆಟ್ಟಿನಲ್ಲಿ ನೋಡಿಕೊಳ್ಳುವುದು ಹೇಗೆ? ಮಳೆನೀರು ಇಳಿಯಿತು, ಛಾವಣಿ ಬಿರುಕು ಬಿಟ್ಟಿತು, ಗೋಡೆಯಲ್ಲಿ ಆಲದ ಸಸಿ ಎದ್ದವು. ಕೊನೆಗೆ ತರಗತಿಗಳನ್ನು ಪಕ್ಕದ ಕಟ್ಟಡಗಳಿಗೆ ಸಾಗಿಸಬೇಕಾಯಿತು. 2002ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಇದನ್ನು ಸೇರಿಸಿತು. ಹಂತಹಂತವಾಗಿ ರಿಪೇರಿ ನಡೆದು, 2020ರ ದಶಕದ ಆರಂಭದಲ್ಲಿ ಮುಖ್ಯ ಕಟ್ಟಡ ಮತ್ತೆ ಮೊದಲಿನ ಕಳೆಗೆ ಬಂತು. 2022ರಲ್ಲಿ ಕಾಲೇಜು ಮಹಿಳಾ ವಿಶ್ವವಿದ್ಯಾಲಯವಾಯಿತು, 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನ ಹೆಸರು ಇಟ್ಟರು. ಐಲಮ್ಮ ತೆಲಂಗಾಣದ ಅಗಸರ ಮನೆಯ ಹೆಣ್ಣುಮಗಳು. ತಾನು ಉತ್ತ ನೆಲವನ್ನು ದೇಶಮುಖನಿಗೆ ಬಿಟ್ಟುಕೊಡೋದಿಲ್ಲ ಅಂತ 1940ರ ದಶಕದಲ್ಲಿ ಎದ್ದು ನಿಂತವಳು. ನೆಲ ಬರೆಸಿಕೊಳ್ಳುವುದೇ ಕಸುಬಾಗಿದ್ದ ಮನೆಗೆ ನೆಲ ಬಿಟ್ಟುಕೊಡದವಳ ಹೆಸರು.

ಇದನ್ನೆಲ್ಲ ನಿಮಗೆ ಯಾಕೆ ಹೇಳಬೇಕೆನ್ನಿಸಿತು ಅಂದರೆ, ಊರಿಗೆ ಬಂದಾಗಲೆಲ್ಲ ನೀವು ನಮ್ಮನ್ನು ‘ಹೊರನಾಡಿನವರು’ ಅಂತೀರಿ. ಪ್ರೀತಿಯಿಂದಲೇ ಅಂತೀರಿ, ಬೇಜಾರಿಲ್ಲ. ನಾನು ರಾಯಚೂರು ಕಡೆಯವನು. ನಮ್ಮ ಅಜ್ಜನ ಕಾಲದವರಿಗೆ ಹೈದರಾಬಾದ್ ಹೊರನಾಡಾಗಿರಲಿಲ್ಲ. ಕೋರ್ಟು ಕಚೇರಿಗೆ, ಓದಿಗೆ, ದವಾಖಾನೆಗೆ ಬರುವ ರಾಜಧಾನಿಯಾಗಿತ್ತು. ಬೆಂಗಳೂರೇ ಅವರಿಗೆ ಪರಸ್ಥಳ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಕನ್ನಡ ನಾಡಿಗೆ ಸೇರಿದವು. ಅದು ನ್ಯಾಯವಾಗಿ ಆಗಬೇಕಾದದ್ದೇ, ಬಹಳ ಜನ ಅದಕ್ಕಾಗಿ ಜೈಲು ಕಂಡಿದ್ದರು. ಆದರೆ ಆ ದಿನ ಬೆಳಿಗ್ಗೆ ಕಾಚಿಗುಡಾ, ಸುಲ್ತಾನ್ ಬಜಾರಿನ ಕನ್ನಡ ಮನೆಗಳವರು ಎದ್ದಲ್ಲೇ ಇದ್ದರೂ ಹೊರನಾಡಿನವರಾಗಿದ್ದರು. ಬಳ್ಳಾರಿಯವರಿಗೆ 1800ರಲ್ಲಿ, ರಾಯಚೂರಿನವರಿಗೆ 1853ರಲ್ಲಿ ಆದದ್ದೂ ಇದೇ. ಜನ ಕದಲಲಿಲ್ಲ, ಗೆರೆ ಕದಲಿತು. ಆ ಹಳೆಯ ಗೆರೆಗಳ ಒಪ್ಪಂದ ಕುದುರಿಸಿದವರ ನೆಲೆ ಈ ಆವರಣ.

ಮುಂದಿನ ಸಲ ಹೈದರಾಬಾದಿಗೆ ಬಂದಾಗ ಚಾರ್‌ಮಿನಾರು, ಗೋಲ್ಕೊಂಡ ನೋಡಿಯೇ ನೋಡುತ್ತೀರಿ. ಅರ್ಧ ದಿನ ಕೋಠಿಗೂ ಇಡಿ. ಅದು ಹೆಣ್ಣುಮಕ್ಕಳು ಓದುವ ಜಾಗ, ಗೇಟಿನಲ್ಲಿ ಕೇಳಿ ಒಪ್ಪಿಗೆ ಪಡೆದೇ ಒಳಗೆ ಹೋಗಬೇಕು. ಸಿಂಹದ ಮೆಟ್ಟಿಲು, ದರ್ಬಾರ್ ಹಾಲು, ಹಿಂದಿನ ತೋಟ, ಅಲ್ಲಿಯ ಹಳೆಯ ಗೋರಿಗಳು, ಖೈರುನ್ನೀಸಾಳ ಪಡಿಯಚ್ಚು ನೋಡಿ. ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ತುರ್ರೆಬಾಜ್ ಖಾನನ ಸ್ಮಾರಕವನ್ನೂ ನೋಡಿ. ಸಾಲುಗಟ್ಟಿದ ಬಸ್ಸುಗಳ ನಡುವೆ ಅದು ಸುಲಭಕ್ಕೆ ಕಾಣಿಸುವುದಿಲ್ಲ. ನೋಡಿದ ಮೇಲೆ ಇದು ಯಾರದೋ ಊರಿನ ಯಾರದೋ ಬಂಗಲೆ ಅಂತ ಮಾತ್ರ ಅನ್ನಬೇಡಿ. ಬಳ್ಳಾರಿ, ರಾಯಚೂರು, ಸುರಪುರದ ಚರಿತ್ರೆ ಬರೆಯುವವರು ಈ ಮನೆಯ ಬಾಗಿಲು ದಾಟದೆ ಮುಂದೆ ಹೋಗಲಾರರು.